ಕಟೌಟು ಹೊತ್ತವರನ್ನು ನೋಡಿ ನಗುವವರಿಗೆ

"ಮಣ್ಣು ತಿನ್ನೋ ಬದುಕಿನಲ್ಲಿ ಸಾವಿರ ಸಮಸ್ಯೆ ಇರುವಾಗ ನಿಮಗೆ ಕ್ಯಾಮೆರಾ ಹಿಡಿಯಲು ಸಿನಿಮಾ ಹುಚ್ಚರೇ ಸಿಕ್ಕರೇನ್ರಪ್ಪಾ?"

ಕೂಡ್ಲಿಗಿಯ ಒಂದು ಸಭೆಯಲ್ಲಿ ಹಿರಿಯ ಸಂಗಾತಿಯೊಬ್ಬರು ನಮ್ಮನ್ನು ಹೀಗೆ ಕೇಳಿದರು. ಸಭೆ ನಕ್ಕಿತು. ನಾವೂ ಹಲ್ಲು ಕಿರಿದೆವು. ಆ ನಗೆಗೆ ಉತ್ತರ ಕೊಡಬೇಕೆಂದೇ ಇದನ್ನು ಬರೆಯುತ್ತಿದ್ದೇವೆ. ಉತ್ತರ ತಡವಾಯಿತು, ಯಾಕೆಂದರೆ ಆ ನಗೆಯಲ್ಲಿ ನಮ್ಮದೂ ಒಂದು ಪಾಲಿತ್ತು.

ನಾವು ಐದು ಜನ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ತಾಲ್ಲೂಕಿಗೊಬ್ಬರು. ಐವರ ಮನೆಯಲ್ಲೂ ನಮಗಿಂತ ಮುಂಚೆ ಡಿಗ್ರಿ ಕಂಡವರಿಲ್ಲ. ಒಬ್ಬನ ಅಪ್ಪ ಈಗಲೂ ಊರಲ್ಲಿ ಹೆಣ ಬಿದ್ದರೆ ಹಲಗೆ ಹೊತ್ತು ಹೋಗುತ್ತಾನೆ. ಒಬ್ಬನನ್ನು ಅವನವ್ವ ಹೆತ್ತದ್ದು ಕಾಫಿ ತೋಟದ ಕೂಲಿ ಲೈನಿನಲ್ಲಿ. ನಮ್ಮ ಹತ್ತಿರ ಇದ್ದದ್ದು ಎರಡು ಫೋನು, ಮದುವೆ ಫೋಟೊ ತೆಗೆಯುವ ಗೆಳೆಯನಿಂದ ಕಡ ತಂದ ಒಂದು ಕ್ಯಾಮೆರಾ, ಅಂಗಿಗೆ ಸಿಕ್ಕಿಸುವ ಒಂದು ಮೈಕು. ಪುನೀತ್ ರಾಜಕುಮಾರ್ ಅಭಿಮಾನಿಗಳ ಮೇಲೆ ಸಾಕ್ಷ್ಯಚಿತ್ರ ಮಾಡಬೇಕೆಂಬುದು ಹಟ. ಒಬ್ಬನಿಗೂ ಸಿನಿಮಾ ಮಾಡಿ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಮಾಡಬಾರದು ಅಂದರೆ ನಮ್ಮಂಥವರು ಅಕ್ಷರವನ್ನೇ ಮುಟ್ಟುತ್ತಿರಲಿಲ್ಲ, ಆ ಮಾತು ಬೇರೆ.

ಹಟ ಹುಟ್ಟಿದ್ದು ಒಂದು ಅಮೆರಿಕದ ಚಿತ್ರ ನೋಡಿ. 1986ರ ಮೇ 31ರಂದು ಮೇರಿಲ್ಯಾಂಡ್ ರಾಜ್ಯದ ಲ್ಯಾಂಡೋವರಿನಲ್ಲಿ ಜೂಡಾಸ್ ಪ್ರೀಸ್ಟ್ ಎಂಬ ರಾಕ್ ಬ್ಯಾಂಡಿನ ಕಾರ್ಯಕ್ರಮ ಇತ್ತು. ಜಾನ್ ಹೇನ್, ಜೆಫ್ ಕ್ರೂಲಿಕ್ ಎಂಬಿಬ್ಬರು ಯುವಕರು ಕಡ ತಂದ ಕ್ಯಾಮೆರಾ ಹಿಡಿದು ಅಲ್ಲಿಗೆ ಹೋದರು. ಬ್ಯಾಂಡನ್ನು ತೆಗೆಯಲಿಲ್ಲ. ಹೊರಗೆ ಕಾರು ನಿಲ್ಲಿಸುವ ಬಯಲಿನಲ್ಲಿ ಕುಡಿದು ಕೂಗಾಡುತ್ತಿದ್ದ ಅಭಿಮಾನಿಗಳನ್ನು ಮಾತಾಡಿಸುತ್ತಾ ಹೋದರು. 'ಹೆವಿ ಮೆಟಲ್ ಪಾರ್ಕಿಂಗ್ ಲಾಟ್', ಸುಮಾರು ಹದಿನೇಳು ನಿಮಿಷದ ಚಿತ್ರ. ಅದು ವರ್ಷಗಟ್ಟಲೆ ಟೇಪಿನಿಂದ ಟೇಪಿಗೆ ನಕಲಾಗಿ ಕೈಯಿಂದ ಕೈಗೆ ಹೋಯಿತು. ಹಾಸ್ಟೆಲ್ಲಿನ ಕೋಣೆಯಲ್ಲಿ ಅದನ್ನು ಫೋನಿನಲ್ಲಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಮ್ಮೂರಲ್ಲೂ ಇಂಥವರಿದ್ದಾರಲ್ಲ, ಹಾಲು ಸುರಿಯುವವರು, ಹಚ್ಚೆ ಹಾಕಿಸಿಕೊಂಡವರು, ತೆಗೆಯೋಣ ನಡಿ ಅಂದೆವು.

ನಿಜ ಹೇಳುತ್ತೇವೆ, ನಮ್ಮ ಮೊದಲ ಯೋಚನೆ ಇದೇ. ಕೇರಿಯಿಂದ ಹೊರಬಿದ್ದು ನಾಲ್ಕು ಪುಸ್ತಕ ಓದಿದ ಕೂಡಲೇ ಕೇರಿಯನ್ನು ನೋಡಿ ನಗುವ ಲೈಸೆನ್ಸು ನಮಗೂ ಸಿಕ್ಕಿಬಿಡುತ್ತದೆ! ಮೇಲ್ಜಾತಿಯವನು ನಕ್ಕರೆ ಅಹಂಕಾರ, ನಾವು ನಕ್ಕರೆ ವೈಚಾರಿಕತೆ. ಎಂಥ ಅನುಕೂಲ ನೋಡಿ.

ಮಾರ್ಚ್ 17 ಪುನೀತ್ ಹುಟ್ಟಿದ ದಿನ. ಆ ದಿನ ಹಗರಿಬೊಮ್ಮನಹಳ್ಳಿ ಕಡೆಯ ಒಂದು ಊರಿನಲ್ಲಿ ಕ್ಯಾಮೆರಾ ಹೂಡಿದೆವು. ಬೆಳಗಿನ ಆರಕ್ಕೇ ಲಗೇಜ್ ಆಟೋದಲ್ಲಿ ಕಟೌಟು ಬಂತು. ಗುಂಡಿ ತೋಡಿದವರು, ಬೊಂಬು ಕಟ್ಟಿದವರು, ಹಗ್ಗ ಎಳೆದವರು, ಮೇಲೆ ಹತ್ತಿ ತಂತಿ ಬಿಗಿದವರು ಎಲ್ಲ ಎ.ಕೆ. ಕಾಲೋನಿಯ ಹುಡುಗರು. ಕಟೌಟು ನಿಂತ ಮೇಲೆ ಊರ ಹುಡುಗರು ಹೊಸ ಟೀ ಶರ್ಟು ಹಾಕಿಕೊಂಡು ಬಂದರು. ಹಾಲಿನ ಪೊಟ್ಟಣ ಒಡೆದರು. (ಪುನೀತ್ ನಂದಿನಿ ಹಾಲಿನ ರಾಯಭಾರಿಯೂ ಆಗಿದ್ದರು. ಕುಡಿಯಿರಿ ಅಂದಿದ್ದರೇ ಹೊರತು ನನ್ನ ತಲೆಯ ಮೇಲೆ ಸುರಿಯಿರಿ ಅಂದಿರಲಿಲ್ಲ.) ಹಾರ ಹಾಕಿದರು. ಭಾಷಣ ಮಾಡಿದರು. ಮೂವತ್ತು ಹೆಜ್ಜೆ ದೂರದಲ್ಲಿ ಹಲಗೆಯವರು ನಿಂತು ನಡುಮಧ್ಯಾಹ್ನದ ತನಕ ಬಾರಿಸಿದರು. ನಾವು ಎರಡು ತಾಸು ಹಾಲನ್ನೇ ತೆಗೆದೆವು. ನಿಧಾನಗತಿಯಲ್ಲಿ ತೆಗೆದೆವು. ಹಾಲು ಹರಿಯುವುದು ಬಲು ಚೆಂದ ಕಂಡಿತ್ತು.

ರಾತ್ರಿ ಕೂತು ನೋಡಿದಾಗ ನಮ್ಮ ಮುಖಕ್ಕೆ ಯಾರೋ ಉಗುಳಿದಂತಾಯಿತು. ಪ್ರತಿ ಶಾಟಿನ ಅಂಚಿನಲ್ಲಿ ಹಗ್ಗ ಹಿಡಿದ ಕೈಗಳಿವೆ. ಮೊಣಕೈ ತನಕ ಇವೆ. ಒಂದಕ್ಕೂ ಮುಖವಿಲ್ಲ. ಹಲಗೆಯ ಸದ್ದು ಪೂರ್ತಿ ಇದೆ, ಹಲಗೆ ಎಲ್ಲೂ ಇಲ್ಲ. ಕ್ಯಾಮೆರಾ ಹಿಡಿದವರು ಐವರೂ ಕೇರಿಯವರೇ. ಆದರೂ ಕಣ್ಣು ಊರಿನದಾಗಿತ್ತು.

ಮರುದಿನ ಕಾಲೋನಿಗೆ ಹೋದೆವು. ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವ ಹುಡುಗನೊಬ್ಬ, ಮುಂಗೈ ಮೇಲೆ ಅಪ್ಪು ಹಚ್ಚೆ, ನಮ್ಮನ್ನು ಕೇಳಿದ: "ಅಣ್ಣಾ, ನಿನ್ನೆ ನಮ್ಮನ್ನ ತೆಗದ್ರಾ?"

ಹೂಂ ಅಂದೆವು.

"ಸುಳ್ಳು. ನೀವು ಆ ಕಡಿ ಹಿಡದಿದ್ರಿ. ನಾ ಮ್ಯಾಲಿದ್ದೆ, ಕಟೌಟ್ ತೆಲಿ ಹತ್ರ. ಮ್ಯಾಲಿಂದ ಎಲ್ಲಾ ಕಾಣ್ತತಿ."

ನೀನು ಯಾಕೆ ಹತ್ತುತ್ತೀ, ಬಿದ್ದರೆ ಯಾರು ಗತಿ, ಎಂದು ಬುದ್ಧಿಜೀವಿಗಳ ಹಾಗೆ ಕೇಳಿದೆವು. ಅವನು ಬೀಡಿ ಹಚ್ಚಿ ಹೇಳಿದ: "ಬೆಂಗಳೂರಾಗ ಹತ್ತನೇ ಮಾಳಿಗಿ ಮ್ಯಾಲ ಸಿಮೆಂಟ್ ಹೊತ್ತು ಹತ್ತತೀನಿ, ಯಾರೂ ತೆಲಿ ಎತ್ತಿ ನೋಡಲ್ಲ. ಇಲ್ಲಿ ಅಪ್ಪು ಅಣ್ಣನ ಹೆಗಲ ಮ್ಯಾಲ ನಿಂತ್ರ ಇಡೀ ಊರು ತೆಲಿ ಎತ್ತಿ ನೋಡ್ತತಿ. ನಮ್ಮನ್ನ ಮತ್ಯಾವಾಗ ನೋಡ್ಯಾರ ಹೇಳಣ್ಣ."

ಗೆಳೆಯರೇ, ಇದನ್ನು ಹುಚ್ಚು ಅನ್ನುತ್ತೀರಾ? ಅನ್ನಿ. ಆದರೆ ಈ ಹುಚ್ಚಿಗೆ ಲೆಕ್ಕ ಇದೆ.

ರಾಜಕುಮಾರ್ ತಮ್ಮ ಅಭಿಮಾನಿಗಳನ್ನು ದೇವರು ಎಂದು ಕರೆದರು. ಶಾಲೆ ಹೆಚ್ಚು ಓದದ, ನಾಟಕ ಕಂಪನಿಯಲ್ಲಿ ಬೆಳೆದ ಆ ಮನುಷ್ಯ ಹಾಗೆ ಅಂದಾಗ ಪೇಟೆಯ ಜಾಣರಿಗೆ ಅದು ಬರೀ ಸಭಾ ವಿನಯವಾಗಿ ಕೇಳಿಸಿರಬಹುದು. ಗುಡಿಯ ಹೊಸ್ತಿಲು ದಾಟಲು ಬಿಡದವನ ಕಿವಿಗೆ ಆ ಮಾತು ಹೇಗೆ ಬಿದ್ದಿತೆಂದು ನಮ್ಮ ವಿಮರ್ಶಕರು ಯಾರಾದರೂ ಬರೆದಿದ್ದಾರೆಯೇ? ಅವರ ಮಗ ಪುನೀತ್ ಹತ್ತು ವರ್ಷದವನಿದ್ದಾಗ 1985ರ 'ಬೆಟ್ಟದ ಹೂವು' ಚಿತ್ರದಲ್ಲಿ ನಟಿಸಿ ರಾಷ್ಟ್ರಪ್ರಶಸ್ತಿ ಪಡೆದ. ಅದರ ಕತೆ ನಿಮಗೆ ಗೊತ್ತು. ಬಡ ಹುಡುಗ, ಕಾಡಿನ ಹೂವು ಮಾರಿ ದುಡ್ಡು ಕೂಡಿಸುತ್ತಾನೆ, ಕುವೆಂಪು ಅವರ ರಾಮಾಯಣ ದರ್ಶನಂ ಕೊಳ್ಳಬೇಕೆಂಬ ಆಸೆ. ಕೊನೆಗೆ ಪುಸ್ತಕ ಬಿಟ್ಟು ಮನೆಗೆ ಕಂಬಳಿ ಕೊಳ್ಳುತ್ತಾನೆ. ನಾವು ಮಾತಾಡಿಸಿದ ಕೂಲಿ ಹುಡುಗರಲ್ಲಿ ಬಹಳ ಮಂದಿ ಈ ಚಿತ್ರವನ್ನೇ ಹೇಳಿದರು. ಫೈಟು ಹೇಳಲಿಲ್ಲ, ಡ್ಯಾನ್ಸು ಹೇಳಲಿಲ್ಲ. ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಒಬ್ಬ, "ನಾನೂ ಕಂಬಳಿ ತಗಂಡವ್ನೇ ಅಣ್ಣ" ಅಂದ. ನಮ್ಮ ಐವರ ಮನೆಯಲ್ಲಿ ಯಾರೋ ಒಬ್ಬರು ಕಂಬಳಿ ಇಲ್ಲದೆ ಮಲಗಿದ್ದರಿಂದ ನಮಗೆ ಪುಸ್ತಕ ಸಿಕ್ಕಿತು. ಆ ಹುಡುಗನಿಗೂ ನಮಗೂ ಇರುವ ವ್ಯತ್ಯಾಸ ಅಷ್ಟೇ. ಅದಕ್ಕೆ ನಾವು ವೈಚಾರಿಕರು, ಅವನು ಹುಚ್ಚ.

ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಕತೆ ಆಧರಿಸಿ ನಾಗತಿಹಳ್ಳಿ ಚಂದ್ರಶೇಖರ್ 1994ರಲ್ಲಿ 'ಕೊಟ್ರೇಶಿ ಕನಸು' ಮಾಡಿದರು. ಓದಲು ಹೊರಟ ದಲಿತ ಹುಡುಗನ ಕತೆ, ನಮ್ಮ ಸೀಮೆಯದೇ ಹೆಸರು. ಅದಕ್ಕೆ ಯಾರೂ ಕಟೌಟು ನಿಲ್ಲಿಸಿದ್ದನ್ನು ನಾವು ಕೇಳಿಲ್ಲ. ಇದನ್ನೂ ಯೋಚಿಸಬೇಕು. ನಮ್ಮ ಹುಡುಗರಿಗೆ ತಮ್ಮದೇ ಮುಖದ ನಾಯಕ ಬೇಡವೋ, ಅಥವಾ ಅಂಥ ನಾಯಕನ ಕಟೌಟನ್ನು ಸರ್ಕಲ್ಲಿನಲ್ಲಿ ನಿಲ್ಲಿಸಲು ಊರು ಬಿಡುವುದಿಲ್ಲವೋ?

ಕೊಟ್ಟೂರಿನಲ್ಲೇ ಒಬ್ಬ ಮುದುಕ ಸಿಕ್ಕ. ಜಾತ್ರೆಗೆ ಬರುತ್ತಿದ್ದ ಟೆಂಟ್ ಟಾಕೀಸಿನಲ್ಲಿ ನೆಲದ ಟಿಕೆಟ್ಟಿಗೆ ರಾಜಕುಮಾರ್ ಚಿತ್ರ ನೋಡಿದವನು. "ಲೈಟ್ ಆರಿದ ಮ್ಯಾಲ ಯಾರ ಮೈ ಯಾರಿಗೆ ತಾಕ್ತತಿ ಅಂತ ಯಾರಿಗ್ ಗೊತ್ತು?" ಎಂದು ಬೊಚ್ಚು ಬಾಯಿ ತೆರೆದು ನಕ್ಕ. ಶ್ರೀಲಂಕಾದ ತಮಿಳು ವಿದ್ವಾಂಸ ಕಾರ್ತಿಕೇಶು ಶಿವತಂಬಿ 1981ರಲ್ಲಿ ಬರೆದದ್ದೂ ಇದನ್ನೇ: ತಮಿಳು ಸೀಮೆಯಲ್ಲಿ ಎಲ್ಲ ಜಾತಿಯವರು ಒಂದೇ ಸೂರಿನಡಿ ಕೂತ ಮೊದಲ ಜಾಗ ಸಿನಿಮಾ ಟಾಕೀಸು, ಅಲ್ಲಿ ಕೂರುವ ಜಾಗವನ್ನು ಗೊತ್ತುಮಾಡಿದ್ದು ಟಿಕೆಟ್ಟಿನ ದುಡ್ಡು. ಆ ವಿದ್ವಾಂಸನ ಹೆಸರು ನಮ್ಮ ಮುದುಕನಿಗೆ ಗೊತ್ತಿಲ್ಲ. ಅವನ ಮೈಗೆ ಗೊತ್ತಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ನಮ್ಮದು ಚೆಂದದ ಚಿತ್ರವಾಗುತ್ತಿತ್ತು. ಟಾಕೀಸಿನಲ್ಲಿ ಜಾತಿ ಕರಗಿತು, ಅಪ್ಪು ಎಲ್ಲರನ್ನೂ ಒಂದು ಮಾಡಿದರು, ಹಿನ್ನೆಲೆಯಲ್ಲಿ ಕೊಳಲು. ಆದರೆ ಟಾಕೀಸಿನಲ್ಲಿ ಲೈಟು ಮತ್ತೆ ಹತ್ತುತ್ತದೆ.

ನಮ್ಮ ತಾಲ್ಲೂಕುಗಳಿಂದ ಹೊಳೆ ದಾಟಿ ಹೋದರೆ ಕೊಪ್ಪಳ ಜಿಲ್ಲೆ, ಅಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿ. 2014ರ ಆಗಸ್ಟ್ 28 ಪುನೀತರ 'ಪವರ್' ಬಿಡುಗಡೆಯಾದ ದಿನ. ಗಂಗಾವತಿಯ ಥಿಯೇಟರಿನಲ್ಲಿ ಆ ಸಿನಿಮಾ ನೋಡಲು ಹೋದವರ ನಡುವೆ ಆದ ಜಗಳ ಮರಕುಂಬಿಗೆ ಬಂತು. ದಲಿತರ ಕೇರಿಗೆ ನುಗ್ಗಿದರು, ಹೊಡೆದರು, ಗುಡಿಸಲಿಗೆ ಬೆಂಕಿ ಇಟ್ಟರು. ಆ ಊರಲ್ಲಿ ದಲಿತರಿಗೆ ಕ್ಷೌರದಂಗಡಿ, ಹೋಟೆಲ್ಲಿನ ಬಾಗಿಲು ತೆರೆಯುವ ಪ್ರಶ್ನೆ ಮೊದಲೇ ಕುದಿಯುತ್ತಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ಕೊಟ್ಟಿತು. ಮರುತಿಂಗಳೇ ಹೈಕೋರ್ಟಿನಿಂದ ಅವರಲ್ಲಿ ಹೆಚ್ಚಿನವರಿಗೆ ಜಾಮೀನು ಸಿಕ್ಕಿತು.

ಇದನ್ನು ಸಿನಿಮಾ ಗಲಾಟೆ ಎಂದವರಿದ್ದಾರೆ. ಸಿನಿಮಾ ಗಲಾಟೆಗೆ ಗುಡಿಸಲು ಯಾಕೆ ಉರಿಯಬೇಕು ಸ್ವಾಮಿ? ಪರದೆ ಒಂದೇ, ನಾಯಕ ಒಬ್ಬನೇ. ನಾಯಕನ ಮೇಲೆ ತಪ್ಪು ಹೊರಿಸುವವರು ನಾವಲ್ಲ. ಅವರು ಸತ್ತ ಮೇಲೆ ಅವರ ಕಣ್ಣುಗಳಿಂದ ನಾಲ್ಕು ಜನ ಲೋಕ ನೋಡಿದರು, ಯಾವ ಜಾತಿಯವರ ಕಣ್ಣು ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದ್ದು ಅಭಿಮಾನಿಗಳನ್ನು. ಅದನ್ನೇ ಕೇಳಲು ಹರಪನಹಳ್ಳಿ ಸೀಮೆಗೆ ಹೋದೆವು.

ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಜಿಲ್ಲೆ ಮೂರು ಸಲ ಬದಲಾದರೂ ಕೇರಿ ಇದ್ದಲ್ಲೇ ಇದೆ. ಅಲ್ಲಿನ ಒಂದು ಊರಿನಲ್ಲಿ (ಹೆಸರು ಬರೆಯುವುದಿಲ್ಲ, ಕಾರಣ ಮುಂದಿದೆ) ಒಬ್ಬನೇ ನಟನಿಗೆ ಎರಡು ಅಭಿಮಾನಿ ಸಂಘ. ಊರಿನದು ಬಸ್‌ಸ್ಟಾಂಡಿನ ಹತ್ತಿರ, ಬೋರ್ಡಿಗೆ ಲೈಟು ಬೇರೆ. ಕೇರಿಯದು ಕಾಲೋನಿಯ ಬಾಯಲ್ಲಿ. ಎರಡು ಸಂಘ ಯಾಕೆ ಎಂದು ಊರ ಸಂಘದವರನ್ನು ಕೇಳಿದರೆ, "ಅವರದು ಅವರು ಮಾಡ್ಕಂತಾರ, ನಮ್ಮದು ನಾವು, ನಮ್ಮೂರಾಗ ಅಂಥಾ ಭೇದ ಏನಿಲ್ರಿ" ಅಂದರು. ಮೂರೂ ಮಾತು ಒಂದೇ ಉಸಿರಿನಲ್ಲಿ.

ಕೇರಿಯ ಹುಡುಗರು ಆ ವರ್ಷ ಫ್ಲೆಕ್ಸಿನಲ್ಲಿ ಅಪ್ಪುವನ್ನು ಆಳೆತ್ತರ ಹಾಕಿಸಿ, ಮೇಲಿನ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಬಾಬಾಸಾಹೇಬರನ್ನು ಇಟ್ಟಿದ್ದರು. ಸರ್ಕಲ್ಲಿನಲ್ಲಿ ಕಟ್ಟಿ ಒಂದು ತಾಸು ಆಗಿರಲಿಲ್ಲ, ಹಿರಿಯರು ಅನ್ನಿಸಿಕೊಂಡವರು ಬಂದರು. ಗದರಲಿಲ್ಲ, ಬಯ್ಯಲಿಲ್ಲ. "ಅಪ್ಪು ಇರ್ಲಿ, ಅವರ್ಯಾಕಪ್ಪ ಇಲ್ಲಿ?" ಎಂದು ಬಲು ಸಮಾಧಾನದಿಂದ ಕೇಳಿದರು. ಹುಡುಗರು ಸ್ವಲ್ಪ ಹೊತ್ತು ನಿಂತರು. ಆಮೇಲೆ ತಾವೇ ಫ್ಲೆಕ್ಸು ಬಿಚ್ಚಿ, ಸುತ್ತಿ, ಹೆಗಲ ಮೇಲೆ ಹೊತ್ತು ಕೇರಿಗೆ ನಡೆದರು. ಮೂಲೆಯನ್ನು ಕತ್ತರಿಸಿ ಉಳಿದದ್ದನ್ನು ಕಟ್ಟಬಹುದಿತ್ತು. ಕತ್ತರಿಸಲಿಲ್ಲ. ಅಪ್ಪುವನ್ನೂ ವಾಪಸ್ ಕರೆದುಕೊಂಡು ಹೋದರು.

ಈಗ ಹೇಳಿ, ನಗುವ ಗೆಳೆಯರೇ. 2022ರ ಜನವರಿ 26ರಂದು ರಾಯಚೂರಿನ ಕೋರ್ಟಿನ ಅಂಗಳದಲ್ಲೇ ಅಂಬೇಡ್ಕರ್ ಚಿತ್ರ ತೆಗೆಸಿದರೆಂಬ ಆರೋಪ ಕೇಳಿ ನಾವೆಲ್ಲ ಬೀದಿಗಿಳಿದೆವು. ಸರಿ. ಅದೇ ಚಿತ್ರವನ್ನು ಸಿನಿಮಾ ನಟನ ನೆರಳಿನಲ್ಲಿ ಹೆಬ್ಬೆರಳಿನಷ್ಟಾದರೂ ಸರ್ಕಲ್ಲಿಗೆ ತರಲು ಹೋದ ಈ ಹುಚ್ಚರ ಹಿಂದೆ ಯಾರಿದ್ದರು? ಸಂಘಟನೆ ಇತ್ತೇ? ನಾವಿದ್ದೆವೇ? ನಾವಿದ್ದೆವು, ಕ್ಯಾಮೆರಾ ಹಿಡಿದುಕೊಂಡು. ಒಬ್ಬನೂ ಬಾಯಿ ಬಿಡಲಿಲ್ಲ.

ಆ ನಾಲ್ಕು ನಿಮಿಷ ನಮ್ಮ ಹತ್ತಿರ ಇದೆ. ರಾತ್ರಿ ಹುಡುಗರು ಬಂದು ತೋರಿಸಬೇಡಿರಣ್ಣಾ ಅಂದರು. ಅದೇ ಹಿರಿಯರ ಹೊಲದಲ್ಲಿ ಅವರ ಅವ್ವಂದಿರು ಮೆಕ್ಕೆಜೋಳ ಮುರಿಯಬೇಕು, ಅವರದೇ ಬೋರಿನ ನೀರು ಬೇಕು. ಸತ್ಯ ತೋರಿಸಬೇಕೆಂದು ನಮ್ಮಲ್ಲಿ ಇಬ್ಬರು ಜಗಳಕ್ಕೇ ನಿಂತರು. ಸತ್ಯಕ್ಕೆ ಕೂಲಿ ಹೋಗುವುದು ಯಾರದು ಎಂಬಲ್ಲಿಗೆ ಜಗಳ ನಿಂತಿತು. ಆ ನಾಲ್ಕು ನಿಮಿಷದ ಪೆನ್‌ಡ್ರೈವನ್ನು ಅವರ ಕೈಗೇ ಕೊಟ್ಟು ಬಂದಿದ್ದೇವೆ. ಇಲ್ಲಿ ಇಷ್ಟು ಬರೆದದ್ದೂ ಅವರನ್ನು ಕೇಳಿಯೇ.

ಅಭಿಮಾನಿಗಳೆಂದರೆ ಪುಂಡರು ಅನ್ನುವ ಇನ್ನೊಂದು ವಾದ ಇದೆ. 1982ರ ಗೋಕಾಕ್ ಚಳವಳಿಗೆ ರಾಜಕುಮಾರ್ ಇಳಿದಾಗ ಈ ಅಭಿಮಾನಿಗಳು ಬೇಕಾಗಿದ್ದರು, ಆಗ ಅವರು ಕನ್ನಡದ ಕಟ್ಟಾಳುಗಳು. 2006ರ ಏಪ್ರಿಲ್‌ನಲ್ಲಿ ರಾಜಕುಮಾರ್ ತೀರಿಕೊಂಡು ಬೆಂಗಳೂರು ಹೊತ್ತಿ ಉರಿದು ಜೀವಗಳು ಹೋದಾಗ ಅವರೇ ಪುಂಡರು. ಹೋದ ಜೀವ ಯಾರ ಮನೆಯವು ಎಂದು ಕೇಳುವ ವ್ಯವಧಾನ ಇರಲಿಲ್ಲ. ಹಾಗಂತ ನಾವು ಎಲ್ಲವನ್ನೂ ಒಪ್ಪುವವರಲ್ಲ. 2024ರ ಜೂನ್‌ನಲ್ಲಿ ಚಿತ್ರದುರ್ಗದ ಯುವಕನ ಕೊಲೆ ಪ್ರಕರಣದಲ್ಲಿ ಒಬ್ಬ ನಟರ ಬಂಧನವಾಯಿತು, ಹೆಸರು ನಿಮಗೆ ಗೊತ್ತು. ಸತ್ತವನೂ ಆ ನಟನ ಅಭಿಮಾನಿ, ಆರೋಪಿಗಳ ಸಾಲಿನಲ್ಲೂ ಅಭಿಮಾನಿ ಸಂಘದವರು. ತೀರ್ಪು ಕೊಡುವುದು ಕೋರ್ಟಿನ ಕೆಲಸ. ಆದರೆ ಅವರನ್ನು ಬಳ್ಳಾರಿ ಜೈಲಿಗೆ ತಂದಾಗ ಗೇಟಿನ ಮುಂದೆ ಜೈಕಾರ ಹಾಕಿದವರ ನಡುವೆ ನಮ್ಮ ಕೇರಿಯ ಹುಡುಗರೂ ಇದ್ದರು, ಅದನ್ನು ನೋಡಿ ನಮಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಯಾರದೋ ಜೀತ ಬಿಟ್ಟು ಬಂದವನು ಇನ್ಯಾರದೋ ಹೆಸರಿನ ಜೀತಕ್ಕೆ ಸಂತೋಷದಿಂದ ಸೇರಿದರೆ ಅದನ್ನು ಅಭಿಮಾನ ಎಂದು ಕರೆಯಲು ನಮಗೆ ಬಾಯಿ ಬರುವುದಿಲ್ಲ. ಇದನ್ನು ಅವರ ಮುಖಕ್ಕೇ ಹೇಳಿದೆವು. ಒಬ್ಬ ತಿರುಗಿ ಕೇಳಿದ: "ನೀವು ನಿಮ್ಮ ಕವಿಗಳ ಹಿಂದ ಹೋಗಲ್ವಾ?"

ಹೋಗುತ್ತೇವೆ. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದ ಮೇಲೆ ಅದನ್ನು ಬಾಯಿಪಾಠ ಮಾಡಿ ಕೇರಿಯಿಂದ ಕೇರಿಗೆ ಹೊತ್ತವರು ಅಭಿಮಾನಿಗಳಲ್ಲದೆ ಮತ್ಯಾರು? ಅವರಿಗೂ ಹುಚ್ಚಿತ್ತು. ಆ ಹುಚ್ಚಿಗೆ ಕೈಯಲ್ಲಿ ಹಿಡಿಯಲು ಒಂದು ಹಾಡು ಸಿಕ್ಕಿತ್ತು. ಇವತ್ತಿನ ಹುಡುಗನಿಗೆ ನಾವು ಏನು ಕೊಟ್ಟಿದ್ದೇವೆ? ವಿಚಾರ ಸಂಕಿರಣದ ಪ್ರಮಾಣಪತ್ರ!

ಹಡಗಲಿಯ ವಿಷಯ ಬರೆಯಲು ನಾಚಿಕೆಯಾಗುತ್ತದೆ. ಅಲ್ಲಿ ಕಟೌಟಿನ ಹಾರಕ್ಕೆ ಮಲ್ಲಿಗೆ ಕಟ್ಟುತ್ತಿದ್ದ ಹೆಣ್ಣುಮಕ್ಕಳ ಬೆರಳನ್ನು ಅರ್ಧ ತಾಸು ತೆಗೆದೆವು, ಒಂದು ಪ್ರಶ್ನೆ ಕೇಳಲಿಲ್ಲ. ಹೊರಡುವಾಗ ಒಬ್ಬಾಕೆ, "ನನಗೂ ಅಪ್ಪು ಅಂದ್ರ ಜೀವ ಕಣಪ್ಪ, ನನ್ನನ್ಯಾಕ ಕೇಳ್ಲಿಲ್ಲ?" ಅಂದಳು. ಅಷ್ಟರಲ್ಲಿ ಕ್ಯಾಮೆರಾದ ಬ್ಯಾಟರಿ ಸತ್ತಿತ್ತು. ಐದು ತಾಲ್ಲೂಕು ಸುತ್ತಿ ನಾವು ಮಾಡಿದ್ದು ಗಂಡಸರ ಚಿತ್ರ. ಮುಂದಿನ ಸಲ ಕ್ಯಾಮೆರಾ ಹಿಡಿಯುವವಳೂ ಹೆಣ್ಣುಮಗಳೇ ಆಗಲಿ.

ಚಿತ್ರವನ್ನು ಮೊದಲು ತೋರಿಸಿದ್ದು ಹಗರಿಬೊಮ್ಮನಹಳ್ಳಿ ಕಡೆಯ ಅದೇ ಕಾಲೋನಿಯಲ್ಲಿ, ಎರಡು ಬೆಡ್‌ಶೀಟು ಹೊಲಿದು ಕಟ್ಟಿ. ಅಷ್ಟರಲ್ಲಿ ನಾವು ಮತ್ತೊಂದು ಮಾರ್ಚ್ 17ಕ್ಕೆ ಹೋಗಿ ಹಗ್ಗದ ಕೈಗಳನ್ನು ಮುಖದ ಸಮೇತ ತೆಗೆದುಕೊಂಡು ಬಂದಿದ್ದೆವು. ಜನ ನಕ್ಕರು, ಸಿಳ್ಳೆ ಹಾಕಿದರು. ಆ ನಗೆ ಕೂಡ್ಲಿಗಿ ಸಭೆಯ ನಗೆಯ ಹಾಗಿರಲಿಲ್ಲ. ಹಲಗೆಯ ಹಿರಿಯ ಮಾತ್ರ ನಗಲಿಲ್ಲ. ತಾನು ಬಾರಿಸುವ ಭಾಗವನ್ನು ಮತ್ತೊಮ್ಮೆ ಹಾಕಿಸಿ, ಸದ್ದು ಜಾಸ್ತಿ ಮಾಡಿಸಿ ಕೇಳಿ, "ಅಲ್ಲೊಂದು ಪೆಟ್ಟು ತಪ್ಪೈತಿ, ಅದನ್ನ ತೆಗಿರಿ" ಅಂದ. ಆಮೇಲೆ, "ಅವತ್ತಿನ ಕೂಲಿ ಇನ್ನೂ ಬಂದಿಲ್ಲ. ಅದನ್ನ ಹಾಕ್ರಿ" ಅಂದ. ಪೆಟ್ಟು ತೆಗೆದಿದ್ದೇವೆ. ಕೂಲಿಯ ಮಾತು ಹಾಕಿದ್ದೇವೆ.

ಪೇಟೆಯ ಚಿತ್ರೋತ್ಸವದವರೊಬ್ಬರು ನೋಡಿ, ಹಾಲಿನ ದೃಶ್ಯ ಸೊಗಸಾಗಿದೆ, ಅದನ್ನೇ ಹಿಗ್ಗಿಸಿ, ಜಾತಿಯ ಮಾತು ಮೊಟಕುಗೊಳಿಸಿ, ಹನ್ನೆರಡು ನಿಮಿಷಕ್ಕೆ ಇಳಿಸಿ ಕಳಿಸಿ ಅಂದರು. ಕಳಿಸಲಿಲ್ಲ.

ಈಗ ಚಿತ್ರ 31 ನಿಮಿಷ ಇದೆ. ಹಳ್ಳಿಯ ಮೇಷ್ಟ್ರುಗಳಲ್ಲಿ, ಹಾಸ್ಟೆಲ್ ಗೆಳೆಯರಲ್ಲಿ ಕೇಳಿಕೊಳ್ಳುತ್ತೇವೆ: ನಿಮ್ಮಲ್ಲಿ ಪ್ರೊಜೆಕ್ಟರ್ ಇದ್ದರೆ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ, ಬರುತ್ತೇವೆ. ಬಸ್ ಚಾರ್ಜು ನಮ್ಮದೇ, ರಾತ್ರಿ ಊಟ ಕೇರಿಯಲ್ಲಿ ಮಾಡುತ್ತೇವೆ. ಕೇರಿಯವರು ಮುಂದಿನ ಸಾಲಿನಲ್ಲಿ ಕೂರಬೇಕು, ಕೂರುವುದಕ್ಕೆ ಮೊದಲು ಹಲಗೆಯವರ ಕೂಲಿ ಕೊಟ್ಟಿರಬೇಕು. ಕಾಂಪೌಂಡಿನ ಹೊರಗೆ ಯಾರಾದರೂ ನಿಂತು ನೋಡಬೇಕಾದ ಊರಾದರೆ ಬೆಡ್‌ಶೀಟು ಬಿಚ್ಚಿಕೊಂಡು ಅವರಿದ್ದ ಕಡೆಗೇ ಹೋಗಿ ಕಟ್ಟುತ್ತೇವೆ.